ತಮ್ಮನ ಮೂಗಿನ ಆಪರೇಷನ್ನು, ಎದೇಲಿ ನೀರು

ತಮ್ಮಂಗೆ ಮೂಗಿನ ಮೂಳೆ ಸೊಟ್ಟ ಇತ್ತು, ಆಪರೇಷನ್ ಮಾಡ್ಸೋಕೆ ಸಕಲೇಶಪುರದಿಂದ ಹಾಸನಕ್ಕೆ ಹೋಗಿದ್ವಿ. ಕಬಡ್ಡಿ ಆಡೋ ಹುಡ್ಗ, 50 ಕೆಜಿ ಕಾಫಿ ಮೂಟೆ ಒಬ್ನೇ ಹೆಗಲಿಗೆ ಏರಿಸ್ಕೊಳ್ಳೋನು. ಮಾರನೇ ದಿನ ಡಿಸ್ಚಾರ್ಜ್ ಅಂದಿದ್ರು, ನಾನು ಒಂದೇ ಜೊತೆ ಬಟ್ಟೆ ತಗೊಂಡು ಹೋಗಿದ್ದೆ.

ಆಪರೇಷನ್ ಚೆನ್ನಾಗೇ ಆಯ್ತು ಮಾರಾಯ್ರೆ, ಎಡವಟ್ಟಾಗಿದ್ದು ಉಸಿರಾಟಕ್ಕೆ ಗಂಟಲಿಗೆ ಹಾಕಿದ್ದ ಟ್ಯೂಬ್ ತೆಗೆದ್ಮೇಲೆ. ಅರೆ ಎಚ್ಚರ ಇದ್ದಾಗ ಗಂಟಲಲ್ಲಿ ಒಂಚೂರು ರಕ್ತನೋ ಜೊಲ್ಲೋ ತಾಗಿದ್ರೂ ಧ್ವನಿಪೆಟ್ಟಿಗೆ ಗಪ್ ಅಂತ ಮುಚ್ಕೊಳ್ಳುತ್ತಂತೆ, ಲ್ಯಾರಿಂಗೋಸ್ಪಾಸಂ ಅಂತಾರೆ. ಮಾಸ್ಕ್ ಒತ್ತಿ ಹಿಡಿದು ಇಂಜೆಕ್ಷನ್ ಕೊಟ್ಟು ಬಿಡಿಸಿದ್ರಂತೆ, ಉಸಿರೂ ಬಂತು, ಅಬ್ಬಾ ಅನ್ನೋಷ್ಟರಲ್ಲಿ ಕೆಮ್ಮು ಶುರು, ರಕ್ತದ ಆಕ್ಸಿಜನ್ ಶೇಕಡಾ 80ಕ್ಕೆ ಇಳೀತು. ನನ್ನ ಒಳಗೆ ಕರೆದಾಗ ಸಿಸ್ಟರು ಅವನ ಬಾಯಿ ಒರೆಸ್ತಾ ಇದ್ರು, ಬಟ್ಟೆ ಮೇಲೆ ತಿಳಿ ಗುಲಾಬಿ ನೊರೆ, ಗುಳ್ಳೆ ಇನ್ನೂ ಒಡೀತಾ ಇತ್ತು.

ಅನಸ್ತೇಶಿಯಾ ಡಾಕ್ಟ್ರು ಹೇಳಿದ್ದು ಕೇಳಿ ತಲೆ ಗಿರ್ ಅಂತು. ಹೊಳೇಲಿ ಮೋಟ್ರು ಇಟ್ಟೋರಿಗೆ ಬೇಗ ಅರ್ಥ ಆಗುತ್ತೆ ನೋಡಿ, ನೀರೊಳಗಿನ ಪೈಪಿನ ತುದೀಲಿರೋ ಫುಟ್‌ವಾಲ್ವಿಗೆ ಎಲೆ ಕಚ್ಕೊಂಡ್ರೂ ಮೋಟ್ರು ಎಳೀತಾನೇ ಇರುತ್ತೆ, ಪೈಪು ಚಪ್ಪಟೆ ಆಗುತ್ತೆ. ಹಂಗೇ ಗಂಟಲು ಮುಚ್ಚಿದ್ರೂ ಎದೆ ಉಸಿರು ಎಳೀತಾನೇ ಇರುತ್ತೆ. ಮಾಮೂಲಿ ಉಸಿರಾಟಕ್ಕೆ ಎದೆಯೊಳಗೆ 5-10 ಸೆಂಟಿಮೀಟರ್ ನೀರಿನಷ್ಟು ಎಳೆತ ಸಾಕು, ಇಂಥ ಹೊತ್ತಲ್ಲಿ ಅದು 50, 100ಕ್ಕೂ ಹೋಗುತ್ತಂತೆ, ಗಾಳಿ ಸಿಗದೆ ರಕ್ತನಾಳದ ನೀರಿನಂಶನೇ ಶ್ವಾಸಕೋಶದ ಗಾಳಿಚೀಲಕ್ಕೆ ಸೋರುತ್ತೆ. ನೆಗೆಟಿವ್ ಪ್ರೆಶರ್ ಪಲ್ಮನರಿ ಎಡಿಮಾ ಅಂತ ಹೆಸರು. ಗಟ್ಟಿಮುಟ್ಟಾದ ಹುಡುಗ್ರಿಗೇ ಜಾಸ್ತಿಯಂತೆ, ಎಳೆಯೋ ತಾಕತ್ತು ಇರೋದು ಅವರಿಗೇ ತಾನೆ! ನನ್ನಂಥ ನರಪೇತಲಂಗೆ ಇಷ್ಟೊಂದು ಆಗ್ತಿರ್ಲಿಲ್ವೇನೋ.

ಮಾವ ಮಾತ್ರ ಕಾರಿಡಾರಲ್ಲಿ ಒಂದೇ ಗಲಾಟೆ, ಡ್ರಿಪ್ ಜಾಸ್ತಿ ಹಾಕಿ ಎದೆಗೆ ನೀರು ತುಂಬ್ಸಿದಾರೆ, ಇಲ್ಲ ಹಾರ್ಟೇ ಹೋಗಿದೆ ಅಂತ. ಎಕೋ ಅಂತ ಹಾರ್ಟಿನ ಸ್ಕ್ಯಾನ್ ಮಾಡಿದ್ರು, ಹಾರ್ಟ್ ಸರಿಯಾಗೇ ಇತ್ತು. ಎಕ್ಸ್‌ರೇಲಿ ಮಾತ್ರ ಎರಡೂ ಕಡೆ ಬೆಳ್ಳಗೆ, ಆಷಾಢದ ಬಿಸಲೆ ಘಾಟಿ ಮಂಜಿನ ಥರ.

ಐಸಿಯುನಲ್ಲಿ ಬಿಗಿ ಮಾಸ್ಕ್ ಹಾಕಿ ಒತ್ತಡದಲ್ಲಿ ಆಕ್ಸಿಜನ್ ಕೊಟ್ರು, ಮೈಯಲ್ಲಿರೋ ನೀರನ್ನ ಮೂತ್ರದಲ್ಲಿ ಹೊರಗೆ ಹಾಕೋ ಲ್ಯಾಸಿಕ್ಸ್ ಇಂಜೆಕ್ಷನ್ ಒಂದು, ಅಷ್ಟೇ. ಬಹಳಷ್ಟು ಜನಕ್ಕೆ ಒಂದೆರಡು ದಿನದಲ್ಲಿ ಇಳಿಯುತ್ತೆ ಅಂದಿದ್ರು, ಮೂರನೇ ದಿನದ ಎಕ್ಸ್‌ರೇ ತಿಳಿಯಾಗಿತ್ತು, ಅವ್ನು ಎದ್ದು ಕೂತು ಅಕ್ಕಿರೊಟ್ಟಿ ಕೇಳ್ದ. ಮುಂದೆ ಯಾವ ಆಪರೇಷನ್ ಆದ್ರೂ ಅನಸ್ತೇಶಿಯಾ ಡಾಕ್ಟ್ರಿಗೆ ಮೊದ್ಲೇ ತೋರ್ಸಿ ಅಂತ ಡಿಸ್ಚಾರ್ಜ್ ಚೀಟೀಲಿ ಬರೆದುಕೊಟ್ಟಿದಾರೆ, ಬೀರುವಲ್ಲಿ ಪಹಣಿ ಜೊತೆ ಇಟ್ಟಿದೀನಿ.

ಮಾವ ಇನ್ನೂ ಡ್ರಿಪ್ಪೇ ಅಂತಿದಾರೆ.