ಕಣದ ಮೂಲೆಯಲ್ಲೊಂದು ಕೋಲು: ನಮ್ಮ ಚಳಿಗಾಲದ ಪಾಠ, ಇಲ್ಲಿಯವರೆಗೆ

ಮಕ್ಕಳಿಬ್ಬರಿಗೂ ಮನೆಯಲ್ಲೇ ಪಾಠ ಶುರು ಮಾಡಿ ಇದು ಎರಡನೇ ಚಳಿಗಾಲ. ನಮ್ಮದು ಮಡಿಕೇರಿ ಹತ್ತಿರದ ಕಾಫಿ ತೋಟ. ಹೋದ ವರ್ಷ ಎಲೆ, ಗರಿ, ಬೀಜ ಅಂತ ಕಂಡದ್ದನ್ನೆಲ್ಲ ಕೂಡಿಹಾಕಿದೆವು. ಡಬ್ಬಿ ತುಂಬಿತು, ಮಕ್ಕಳ ತಲೆಯಲ್ಲಿ ಏನೂ ಉಳಿಯಲಿಲ್ಲ. ಈ ಸಲ ಮೂರೇ ಕೆಲಸ: ಕಣದ ಮೂಲೆಯಲ್ಲಿ ನೆಟ್ಟ ಒಂದು ಮೀಟರ್ ಕೋಲಿನ ನೆರಳು ಅಳೆಯುವುದು, ಒಂದು ಕಿಲೋ ಕಾಫಿ ಹಣ್ಣು ಒಣಗಿಸಿ ದಿನಾ ತೂಗುವುದು, ಬೆಳಿಗ್ಗೆ ತೋಡಿನವರೆಗೆ (ಸಣ್ಣ ಹಳ್ಳ) ನಡೆದು ಬರುವುದು.

ಡಿಸೆಂಬರ್ 1
ಮಧ್ಯಾಹ್ನ 12ಕ್ಕೆ ಸರಿಯಾಗಿ ಅಳೆದೆವು. ಮಗಳು ಅಷ್ಟಕ್ಕೇ ಬಿಡದೆ ಐದೈದು ನಿಮಿಷಕ್ಕೊಂದು ಸುಣ್ಣದ ಗುರುತು ಹಾಕುತ್ತಾ ಕೂತಳು. ನೆರಳು 12 ಆದ ಮೇಲೂ ಗಿಡ್ಡವಾಗುತ್ತಲೇ ಇತ್ತು. "ಅಮ್ಮಾ, ನಮ್ಮ ಗಡಿಯಾರ ತಪ್ಪಾ?" ಅಂದಳು. ಕಡೆಗೆ ಹನ್ನೆರಡೂ ಕಾಲರ ಹೊತ್ತಿಗೆ 68 ಸೆಂಟಿಮೀಟರಿಗೆ ನಿಂತು, ಮತ್ತೆ ಉದ್ದವಾಗತೊಡಗಿತು. ಭೂಪಟ ಬಿಚ್ಚಿದೆವು. ದೇಶದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವಿರುವುದು 76ಕ್ಕೂ ತುಸು ಪಶ್ಚಿಮಕ್ಕೆ. ಒಂದು ಡಿಗ್ರಿ ದಾಟಲು ಸೂರ್ಯನಿಗೆ 4 ನಿಮಿಷ ಬೇಕು. ಹಾಗೆ ನೋಡಿದರೆ 27 ನಿಮಿಷ ತಡವಾಗಬೇಕಿತ್ತು, ಆದದ್ದು 16 ಮಾತ್ರ. ಉಳಿದ ವ್ಯತ್ಯಾಸ ಭೂಮಿಯ ಓರೆಯಿಂದ, ಅದು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲದ್ದರಿಂದ. ಮಗನಿಗೆ ಏಳು ವರ್ಷ, ಅವನಿಗೆ ಇದು ಸದ್ಯಕ್ಕೆ ಬೇಡ. ಮಗಳು ಬರೆದುಕೊಂಡಳು.

ಪುತ್ತರಿ ರಾತ್ರಿ
ಪುತ್ತರಿ ಅಂದರೆ ಕೊಡಗಿನ ಸುಗ್ಗಿ ಹಬ್ಬ. ಭತ್ತದ ಕದಿರು ತೆಗೆಯಲು ಗದ್ದೆಗೆ ಇಳಿದಾಗ ಚಂದ್ರನ ಆಸುಪಾಸಿನಲ್ಲೇ ಕೆಂಪು ಛಾಯೆಯ ರೋಹಿಣಿ ನಕ್ಷತ್ರ. ಹಬ್ಬಕ್ಕೆ ರೋಹಿಣಿ ನೋಡುತ್ತಾರೆ ಅಂತ ಮಕ್ಕಳು ಕೇಳಿದ್ದರು, ಕಣ್ಣಾರೆ ಕಂಡದ್ದು ಇದೇ ಮೊದಲು. "ಪೊಲಿ ಪೊಲಿ ದೇವಾ" ಅಂತ ಕೂಗಿ ಇಬ್ಬರಿಗೂ ಗಂಟಲು ಕಟ್ಟಿತು. ಮರುದಿನ ಪಾಠ ಇಲ್ಲ.

ಡಿಸೆಂಬರ್ 14
ಅರೇಬಿಕಾ ಹಣ್ಣು 1,000 ಗ್ರಾಂನಿಂದ ಇಳಿಯುತ್ತಾ ಬಂದು ಮೊನ್ನೆ 520 ಆಗಿತ್ತು. ನಿನ್ನೆ ಸಂಜೆ ತಟ್ಟೆಗೆ ಟಾರ್ಪಾಲು ಮುಚ್ಚಲು ಮರೆತೆವು. ಆಗಲೇ 490ಕ್ಕೆ ಇಳಿದಿದ್ದದ್ದು ಬೆಳಿಗ್ಗೆ ತೂಗಿದರೆ 507. ಮಗನಿಗೆ ಅಳುವೇ ಬಂತು, ಲೆಕ್ಕ ಕೆಟ್ಟಿತು ಅಂತ. ನನಗೆ ಮಾತ್ರ ಇಡೀ ತಿಂಗಳಿಗೆ ಸಿಕ್ಕ ಒಳ್ಳೆಯ ಅಂಕಿ ಅದೇ ಅನ್ನಿಸಿತು. ಒಂದು ರಾತ್ರಿಯ ಇಬ್ಬನಿ, ಒಂದು ತಟ್ಟೆಯ ಮೇಲೆ, 17 ಗ್ರಾಂ! ಮೋಡವಿಲ್ಲದ ರಾತ್ರಿ ನೆಲದ ಕಾವು ಮೇಲಕ್ಕೆ ಹೋಗಿಬಿಡುತ್ತದೆ, ತಣ್ಣಗಾದ ಹಣ್ಣಿನ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಕಣದಲ್ಲಿ ಸಂಜೆ ಕಾಫಿ ಗುಡ್ಡೆ ಮಾಡಿ ಮುಚ್ಚುವುದು ಯಾಕೆ ಅಂತ ಈಗ ಅವನಿಗೆ ಯಾರೂ ಹೇಳಬೇಕಿಲ್ಲ.

ಅದೇ ಇಬ್ಬನಿ ಗದ್ದೆಯ ಕೂಳೆಗಳ ನಡುವೆ ಜೇಡರ ಬಲೆಗಳನ್ನು ತೋರಿಸಿಕೊಟ್ಟಿತು. ಹಾಳೆಯಂತೆ ಹಾಸಿದ ಬಲೆ, ಒಂದು ಮೂಲೆಯಲ್ಲಿ ಆಲಿಕೆಯಂಥ ತೂತು, ಒಳಗೆ ಮುಂಗಾಲು ಮಾತ್ರ ಕಾಣುವಂತೆ ಕೂತ ಜೇಡ. ಹತ್ತು ಹೆಜ್ಜೆಯೊಳಗೆ 31 ಬಲೆ ಎಣಿಸಿದೆವು. ಒಂಬತ್ತು ಗಂಟೆಗೆ ಬಿಸಿಲು ಬಿದ್ದಾಗ ಒಂದೂ ಕಣ್ಣಿಗೆ ಬೀಳಲಿಲ್ಲ. ಬಲೆಗಳು ಅಲ್ಲೇ ಇದ್ದವು.

ಡಿಸೆಂಬರ್ 19
ಕಾಫಿ 400 ಗ್ರಾಂಗೆ ನಿಂತಿತು. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ, ಸಾಕು.

ಡಿಸೆಂಬರ್ 22
ನೆರಳು 72 ಸೆಂಟಿಮೀಟರ್. ಮೂರು ದಿನದಿಂದ ಅಲ್ಲೇ ಇದೆ.

ಜನವರಿ 6
ತೋಡಿನ ಕಲ್ಲಿನ ಮೇಲೆ ಬೂದು ಸಿಪಿಲೆ, ಎಂದಿನಂತೆ ಬಾಲ ಮೇಲೆ ಕೆಳಗೆ. ಹಿಮಾಲಯದ ಕಡೆಯಿಂದ ಚಳಿಗಾಲ ಕಳೆಯಲು ಬರುವ ಹಕ್ಕಿ. ಇವತ್ತು ತೋಟದ ನೆರಳಲ್ಲಿ ಇನ್ನೊಂದು ಸಿಕ್ಕಿತು, ಎದೆಯ ಮೇಲೆ ಎರಡು ಕಪ್ಪು ಪಟ್ಟಿ. ಮಗನೇ ಮೊದಲು ಕಂಡದ್ದು: "ಇದರ ಬಾಲ ಅಡ್ಡಡ್ಡ ಹೋಗ್ತದೆ!" ಕಾಡು ಸಿಪಿಲೆ. ಬಾಲವನ್ನು ಹೀಗೆ ಪಕ್ಕಕ್ಕೆ ಆಡಿಸುವುದು ಸಿಪಿಲೆಗಳಲ್ಲಿ ಇದೊಂದೇ. ಒಂದು ತಿಂಗಳು ಬರೀ ಬೂದು ಸಿಪಿಲೆ ನೋಡಿದ್ದಕ್ಕೇ ಅವನಿಗೆ ಆ ವ್ಯತ್ಯಾಸ ತಟ್ಟನೆ ಹೊಳೆಯಿತು.

ಜನವರಿ 14
ನೆರಳು 72ರಿಂದ ಗಿಡ್ಡವಾಗುತ್ತಾ 67ಕ್ಕೆ ಬಂದಿದೆ. "ನಾಳೆಯಿಂದ ಉತ್ತರಾಯಣ ಅಂತಾರೆ, ಸೂರ್ಯ ಆಗಲೇ ತಿರುಗಿ ಮೂರು ವಾರ ಆಯ್ತಲ್ಲ" ಅಂತ ಮಗಳು ಅಜ್ಜನನ್ನೇ ಹಿಡಿದಳು. ಅಜ್ಜ ನನ್ನ ಮುಖ ನೋಡಿದರು. ಸಂಕ್ರಾಂತಿಯ ಲೆಕ್ಕ ನಕ್ಷತ್ರಗಳದ್ದು, ನೆರಳಿನ ಲೆಕ್ಕ ಭೂಮಿಯ ಓರೆಯದ್ದು. ಬುಗುರಿ ತಲೆದೂಗುವ ಹಾಗೆ ಭೂಮಿಯ ಅಕ್ಷವೂ ನಿಧಾನಕ್ಕೆ ತಿರುಗುವುದರಿಂದ ಎರಡೂ ಸುಮಾರು 72 ವರ್ಷಕ್ಕೆ ಒಂದು ದಿನದಷ್ಟು ದೂರ ಸರಿಯುತ್ತವೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು. ಬುಗುರಿ ಆಡಿಸಿ ತೋರಿಸಿದೆ. ಅಜ್ಜನೂ ಎರಡು ಸಲ ಆಡಿಸಿದರು.

ಜನವರಿ 25
ಕಾಫಿಗೆ ನೆರಳು ಕೊಡುವ ಹಾಲುವಾಣದ ಮರಗಳ ಎಲೆ ಉದುರಿ ತೋಟಕ್ಕೆ ಬೆಳಕು ಬಿದ್ದಿದೆ. ರೊಬಸ್ಟಾ ಕುಯ್ಲು ನಡೆಯುತ್ತಿದೆ. ಅದು ಮುಗಿದ ಮೇಲೆ ಎಲ್ಲರೂ ಕಾಯುವುದು ಹೂಮಳೆಗೆ. ಮಳೆ ಬಿದ್ದ ಎಷ್ಟನೇ ದಿನಕ್ಕೆ ಕಾಫಿ ಅರಳುತ್ತದೆ ಅಂತ ಕೇಳಿದ್ದಕ್ಕೆ ಅಜ್ಜ "ಒಂಬತ್ತು" ಅಂದರು. ಮಗಳು ಪುಸ್ತಕದಲ್ಲಿ "ಅಜ್ಜ: 9" ಎಂದು ಬರೆದು, ಪಕ್ಕದಲ್ಲಿ "ನಾವು:" ಎಂದು ಜಾಗ ಬಿಟ್ಟಿದ್ದಾಳೆ.