ಸುಮ್ಮನಿರಲು ಬಾರದ ಕಂಪ್ಯೂಟರ್

ಬಸವನಗುಡಿಯಲ್ಲಿ ಸಂಜೆ ಜೋರು ಮಳೆ. ನಾನೇ ಬರೆದ ಕಂಪ್ಯೂಟರ್ ಪ್ರೋಗ್ರಾಮಿನ ಜೊತೆ ‘ಗೋ’ ಆಡುತ್ತ ಕುಳಿತಿದ್ದೆ. ಕಪ್ಪು-ಬಿಳಿ ಕಾಯಿಗಳ ಮಣೆಯಾಟ ಅದು; ಎದುರಾಳಿಯ ಕಾಯಿಗಳ ಸುತ್ತ ಖಾಲಿ ಮನೆಯೇ ಉಳಿಯದಂತೆ ಮುತ್ತಿದರೆ ಅವು ಹೊರಗೆ. 9×9ರ ಚಿಕ್ಕ ಮಣೆ.

ಮೂಲೆಯಲ್ಲಿ ಅದರ ಕಪ್ಪು ಕಾಯಿಗಳನ್ನು ಪೂರ್ತಿ ಸುತ್ತುವರಿದಿದ್ದೆ. ಆದರೆ ಒಳಗೆ ಎರಡು ಕಣ್ಣು, ಅಂದರೆ ಒಂದಕ್ಕೊಂದು ತಾಗದ ಎರಡು ಖಾಲಿ ಮನೆ. ಅಷ್ಟಿದ್ದರೆ ಆ ಗುಂಪನ್ನು ಯಾರೂ ಕೊಲ್ಲಲಾರರು. ಪುಣ್ಯಾತ್ಮ, ತಾನೇ ಹೋಗಿ ಒಂದು ಕಣ್ಣಿಗೆ ಕಾಯಿ ತುರುಕಿದ! ಇನ್ನೊಂದರಲ್ಲಿ ನಾನು ಬಿಳಿ ಇಟ್ಟೆ. ಗುಂಪಿಗೆ ಗುಂಪೇ ಮಣೆಯಿಂದ ಹೊರಗೆ.

ಹೂ ಕಟ್ಟುತ್ತಿದ್ದ ಅಜ್ಜಿ (ಚೌಕಾಬಾರದಲ್ಲಿ ಇವರನ್ನು ಸೋಲಿಸಿದವರಿಲ್ಲ) ಇಣುಕಿ ನೋಡಿದರು. “ಅದಕ್ಕೆ ಸುಮ್ಮನಿರಲು ಬರುವುದಿಲ್ಲವೇನೋ?”

ಹೌದಲ್ಲ! ನಡೆಗಳ ಪಟ್ಟಿಗೆ ‘ಪಾಸ್’, ಅಂದರೆ ಕಾಯಿ ಇಡದೆ ಸರದಿ ಬಿಟ್ಟುಕೊಡುವುದನ್ನು, ಸೇರಿಸುವುದನ್ನೇ ಮರೆತಿದ್ದೆ. ಬೇರೆ ಜಾಗವಿಲ್ಲದಾಗ ತನ್ನ ಕಣ್ಣಿಗೆ ತಾನೇ ಇಟ್ಟುಕೊಳ್ಳದೆ ಇನ್ನೇನು ಮಾಡೀತು?

ಬೆಳಿಗ್ಗೆ ಕಚೇರಿಯಲ್ಲಿ, ಎಲ್ಲರೂ ಒಪ್ಪಿ ಏಳುವ ಹೊತ್ತಿಗೆ “ಇನ್ನೊಂದು ವಿಷಯ” ಎಂದು ನಾನು ಬಾಯಿ ತೆರೆದದ್ದು ನೆನಪಾಯಿತು.

ಪ್ರೋಗ್ರಾಮಿನದ್ದೇನೋ ಎರಡು ಸಾಲಿನ ಕೆಲಸ. ಸರಿಮಾಡಿದೆ.