ಖಾಲಿ ಪಿಕಪ್ಪಿನ ಹಿಂದಿನ ಚಕ್ರ ಕೊನೆಗೂ ಮಣ್ಣು ಕಚ್ಚಿತು

ಹಿಂದೆ ಭಾರವಿಲ್ಲದೆ ಹಿಂದಿನ ಚಕ್ರ ಜಾರುತ್ತಿದ್ದ ನನ್ನ ಖಾಲಿ ಪಿಕಪ್ ಕೊನೆಗೂ ಹಾರೋಹಳ್ಳಿ ಕಡೆಯ ತೋಟದ ಏರು ಹತ್ತಿತು! ಮಳೆ ನಿಂತ ಮರುದಿನ, ಕೆಮ್ಮಣ್ಣು ಇನ್ನೂ ಜಾರುತ್ತಿರುವಾಗ, ಫಸ್ಟ್ ಗೇರಿನಲ್ಲಿ, ಯಾರೂ ತಳ್ಳದೆ.

ಭಾರಕ್ಕೆ ಅಂತ ಹಿಂದೆ ಮರಳು ಮೂಟೆ ಕಟ್ಟಿದ್ದು, ಹೊಸ ಟಯರ್ ಹಾಕಿದ್ದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡಿ. ತಲೆ ತಿಂದದ್ದು ಕುಣಿತ. 150 ಕೆ.ಜಿ. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹೇರಿದ ಮೇಲೂ, ಏರಿನಲ್ಲಿ ಕ್ಲಚ್ ಬಿಟ್ಟರೆ ಹಿಂದಿನ ಆಕ್ಸಲ್, ಅಂದರೆ ಎರಡು ಚಕ್ರ ಜೋಡಿಸುವ ಅಚ್ಚು, ದಡದಡ ಕುಣಿಯುತ್ತಿತ್ತು. ಚಕ್ರ ನೆಲ ಬಿಟ್ಟಾಗಲೆಲ್ಲ ಹಿಡಿತ ಹೋಯಿತು, ಅಲ್ವಾ?

ಗಾಡಿ ಕೆಳಗೆ ಮಲಗಿ, ಗೆಳೆಯನ ಕೈಯಲ್ಲಿ ಕ್ಲಚ್ ಬಿಡಿಸಿ ನೋಡಿದೆ. (ನಾಲ್ಕೂ ಚಕ್ರಕ್ಕೆ ಕಲ್ಲು ಕೊಡದೆ ಇದನ್ನು ಯಾರೂ ಮಾಡಬೇಡಿ.) ಆಕ್ಸಲ್ ತಿರುಗಲು ಎಳೆದಾಗ ಅದನ್ನು ಹೊತ್ತ ಲೀಫ್ ಸ್ಪ್ರಿಂಗ್ (ಪಟ್ಟಿ ಪಟ್ಟಿಯ ಸ್ಪ್ರಿಂಗ್) ಎಸ್ ಆಕಾರಕ್ಕೆ ಬಾಗುತ್ತದೆ. ಟಯರ್ ಜಾರಿದ ಕ್ಷಣ ಪಟ್ಟನೆ ನೇರವಾಗುತ್ತದೆ. ಮತ್ತೆ ಬಾಗುತ್ತದೆ. ಸ್ಪ್ರಿಂಗಿನ ತುದಿಯ ಕೊಂಡಿಯಲ್ಲಿ ಸವೆದ ಶ್ಯಾಕಲ್ ಬುಷ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಸಡಿಲ ಯು-ಬೋಲ್ಟ್, ಕುಣಿತ ತಡೆಯಬೇಕಾದ ಆದರೆ ಸತ್ತ ಶಾಕ್ ಅಬ್ಸಾರ್ಬರ್ ಮೂರೂ ಸೇರಿ ಅದಕ್ಕೆ ತಾಳ ಹಾಕುತ್ತಿದ್ದವು.

ಬುಷ್ ಸುಲಭವಾಗಿ ಸಿಕ್ಕಿತು. ಶಾಕ್ ಅಬ್ಸಾರ್ಬರ್ ಸಿಟ್ಟು ಬರಿಸಿತು. ಬೆಂಗಳೂರಿನ ಜೆ.ಸಿ. ರೋಡಿನ ಒಂದು ಬಿಡಿಭಾಗದ ಅಂಗಡಿಯವರು ಒರಿಜಿನಲ್ ಅಂತ ಕೊಟ್ಟರು. ಮನೆಗೆ ತಂದು ಕೈಯಲ್ಲಿ ಒತ್ತಿದರೆ ತಡೆಯೇ ಇಲ್ಲ, ಸೀದಾ ಕೂತುಬಿಟ್ಟಿತು. ವಾಪಸ್ ಕೊಡಲು ಹೋದರೆ ಬಿಲ್ ಇಲ್ಲ, ಡಬ್ಬ ಹರಿದಿದೆ ಅಂತ ವಾದ. ದುಡ್ಡು ಕೊಟ್ಟು ತಗೊಳ್ಳುವವರಿಗೆ ಹೀಗಾ ಮಾಡೋದು? ನೀವು ಕೌಂಟರಿನಲ್ಲೇ ಒತ್ತಿ ನೋಡಿ.

ಮೂಟೆಗಳ ಜಾಗವನ್ನೂ ಬದಲಿಸಿದೆ. ವೀಲ್‌ಬೇಸ್, ಅಂದರೆ ಮುಂದಿನ-ಹಿಂದಿನ ಆಕ್ಸಲ್ ನಡುವಿನ ದೂರ, ಸುಮಾರು 3 ಮೀಟರ್. ಕ್ಯಾಬಿನ್ ಪಕ್ಕ, ಹಿಂದಿನ ಆಕ್ಸಲ್‌ಗಿಂತ 1 ಮೀಟರ್ ಮುಂದೆ ಇಟ್ಟರೆ 150ರಲ್ಲಿ ಹಿಂದಿನ ಚಕ್ರಕ್ಕೆ ಸಿಗುವುದು 100 ಕೆ.ಜಿ. ಆಕ್ಸಲ್‌ಗಿಂತ 60 ಸೆಂ.ಮೀ. ಹಿಂದೆ ಇಟ್ಟರೆ 180! ಆದರೆ ಮುಂದಿನ ಚಕ್ರದಿಂದ 30 ಕಡಿಮೆಯಾಗುತ್ತದೆ, ಸ್ಟೀರಿಂಗ್ ಹಗುರವಾಗುತ್ತದೆ. ಹಾಗಾಗಿ ಆಕ್ಸಲ್ ಮೇಲೇ ಇಟ್ಟೆ. ಮೂಟೆಗಳನ್ನು ಪಟ್ಟಿಯಿಂದ ಬಿಗಿಯಾಗಿ ಕಟ್ಟಿ. ಜೋರಾಗಿ ಬ್ರೇಕ್ ಹಾಕಿದರೆ ಕ್ಯಾಬಿನ್‌ಗೇ ಬಂದು ಗುದ್ದುತ್ತವೆ. ಮರಳು ತುಂಬಲು ಹಳೇ ಸಿಮೆಂಟಿನ ಪ್ಲಾಸ್ಟಿಕ್ ಚೀಲ ಬೇಡ, ಬಿಸಿಲಿಗೆ ಚೀಲ ಪುಡಿಪುಡಿ.

ಲೋಡಿಗೆ ಅಂತ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ್ದ ಹಿಂದಿನ ಟಯರನ್ನು, ನೆಲಕ್ಕೆ ಅಗಲವಾಗಿ ಕೂರಲಿ ಅಂತ 32ಕ್ಕೆ ಇಳಿಸಿದೆ. ಲೋಡ್ ಹಾಕುವ ಮುಂಚೆ ಮತ್ತೆ ತುಂಬಿಸಲೇಬೇಕು, ಇಲ್ಲದಿದ್ದರೆ ಟಯರ್ ಬಿಸಿಯಾಗಿ ಒಡೆಯಬಹುದು.

ಇಷ್ಟೆಲ್ಲ ಆದ ಮೇಲೆ ಕುಣಿತ ನಿಂತಿತು. ಉಳಿದದ್ದು ಒಂದೇ ಚಕ್ರ ಸುಮ್ನೆ ಸುತ್ತುವುದು. ಓಪನ್ ಡಿಫರೆನ್ಷಿಯಲ್ (ಎಂಜಿನ್ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರು) ಎರಡೂ ಕಡೆ ಸಮ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಜಾರುವ ಚಕ್ರ ತಡೆದಷ್ಟೇ ಇನ್ನೊಂದಕ್ಕೂ ಸಿಗುವುದು. ಅದಕ್ಕೆ ಗಾಡಿ ನಿಧಾನವಾಗಿ ಎಳೆಯುತ್ತಿರುವಾಗಲೇ ಹ್ಯಾಂಡ್ ಬ್ರೇಕ್ ಎರಡು ಮೂರು ಕ್ಲಿಕ್ ಎತ್ತಿದೆ. ಸುತ್ತುವ ಚಕ್ರಕ್ಕೆ ತಡೆ ಸಿಕ್ಕಿ, ಹಿಡಿತವಿದ್ದ ಚಕ್ರ ಕೆಲಸ ಶುರು ಮಾಡಿತು. ಆ ಖುಷಿ ಹೇಳಲಾರೆ! ಹ್ಯಾಂಡ್ ಬ್ರೇಕ್ ಹಿಂದಿನ ಡ್ರಮ್ಮಿಗೆ ಇರುವ ಗಾಡಿಯಲ್ಲಿ ಮಾತ್ರ ಇದು ನಡೆಯುತ್ತದೆ. ತುಂಬಾ ಹೊತ್ತು ಎಳೆದರೆ ಬ್ರೇಕ್ ಲೈನರ್ ಸುಡುತ್ತದೆ.

ಮಹೀಂದ್ರಾ ಥಾರ್‌ನಲ್ಲಿ ಬರುವಂಥ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಡಿಫರೆನ್ಷಿಯಲ್) ಮೇಲೆ ಕಣ್ಣಿದೆ. ಚಕ್ರಗಳ ವೇಗದ ವ್ಯತ್ಯಾಸ ಸುಮಾರು 100 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟಿದರೆ ತಾನೇ ಲಾಕ್ ಆಗುತ್ತದೆ. ಆದರೆ ಅದಕ್ಕೂ ಮೊದಲು ಮರಳಿನ ಬದಲು ಅಗಲವಾದ ನೀರಿನ ಟ್ಯಾಂಕ್ ಮಾಡಬೇಕು. 150 ಲೀಟರ್ ಅಂದರೆ 150 ಕೆ.ಜಿ., ತೋಟದ ಸಸಿಗಳಿಗೂ ಆಯಿತು. ನೀರು ಅಲ್ಲಾಡದಂತೆ ಒಳಗೆ ಅಡ್ಡ ತಗಡು ಬೇಕು. ಪೀಣ್ಯ ಕಡೆ ಸ್ಟೇನ್‌ಲೆಸ್ ಚೆನ್ನಾಗಿ ವೆಲ್ಡ್ ಮಾಡುವವರು ಗೊತ್ತಿದ್ದರೆ ಹೇಳಿ. ತಗಡು ಆಗಲೇ ತಂದಿಟ್ಟಿದ್ದೇನೆ.